ಅಪ್ಪನ ನಲವತ್ತೆರಡನೆಯ ಸಹಿ

ಪರ್ಡಿ ಕೌಂಟಿ, ಅಲಬಾಮ
14 ಏಪ್ರಿಲ್ 2020

ತಂಗಿ ಆರ್ಲೀಥಾ,

ನೀನು ಬದುಕಿದ್ದೀಯೆಂದು ನಂಬಿಕೊಂಡು ಬರೆಯುತ್ತಿದ್ದೇನೆ. ಯಾವುದೋ ದೊಡ್ಡ ಊರಿನಲ್ಲಿ ಹೆಣಗಳನ್ನು ಲಾರಿಯಲ್ಲಿ ಇಟ್ಟಿದ್ದಾರೆಂದು ಟೀವಿಯಲ್ಲಿ ತೋರಿಸಿದರು. ನನಗೆ ದೊಡ್ಡ ಊರೆಲ್ಲ ಶಿಕಾಗೋವೇ, ಅದಕ್ಕೇ ಕೂಡಲೇ ಕಾಗದ ಹಿಡಿದೆ. ಫೋನ್ ಮಾಡೋಣವೆಂದರೆ ನಿನಗೆ ಕಿವಿ ಕೇಳಿಸುವುದಿಲ್ಲ, ನಾನು ಕಿರುಚಿದರೆ ಇಲ್ಲಿ ಮೇಕೆಗಳು ಬೆದರುತ್ತವೆ. ಐವತ್ತಾರು ವರ್ಷದಿಂದ ಕಾಗದದಲ್ಲೇ ಜಗಳವಾಡಿದ್ದೇವೆ, ಈಗಲೂ ಹಾಗೇ ಆಗಲಿ.

ನಮ್ಮ ಚರ್ಚಿಗೆ ಬೀಗ ಹಾಕಿದ್ದಾರೆ. ಭಾನುವಾರ ಎಲ್ಲರೂ ಕಾರು ತಂದು ಅಂಗಳದಲ್ಲಿ ನಿಲ್ಲಿಸಿ ಒಳಗೇ ಕೂರಬೇಕು. ರೆವರೆಂಡ್ ಪೆಟ್ವೇ ಟ್ರಕ್ಕಿನ ಮೇಲೆ ನಿಂತು ಉಪದೇಶ ಮಾಡುತ್ತಾರೆ. ಆಮೆನ್ ಅನ್ನಬೇಕಾದಲ್ಲಿ ಹಾರ್ನ್ ಒತ್ತಬೇಕಂತೆ. ಮೊನ್ನೆ ಕೋರಾಳ ಕಾರಿನ ಹಾರ್ನ್ ಸಿಕ್ಕಿಹಾಕಿಕೊಂಡು ಬಿಡಲೇ ಇಲ್ಲ. ಪಾಪದ ಮಾತಿಗೂ ನರಕದ ಮಾತಿಗೂ ಅವಳೊಬ್ಬಳೇ ಆಮೆನ್ ಹೇಳಿದಳು.

ನಗುವುದು ಬಿಟ್ಟು ವಿಷಯಕ್ಕೆ ಬರುತ್ತೇನೆ. ಶಾಲೆಗಳು ಮುಚ್ಚಿವೆ. ನನ್ನ ಗೆಣಸನ್ನು ತೆಗೆದುಕೊಳ್ಳುತ್ತಿದ್ದುದು ಶಾಲೆಯ ಅಡುಗೆಮನೆ, ಅದು ನಿನಗೆ ಗೊತ್ತು. ಮಕ್ಕಳಿಲ್ಲದ ಶಾಲೆಗೆ ಗೆಣಸು ಯಾಕೆ ಬೇಕು? ಪೈನ್ ಎಲೆ ಹಾಸಿ ಮಣ್ಣು ಮುಚ್ಚಿದ ಗುಡ್ಡೆಗಳಲ್ಲಿ ಅರ್ಧ ಬೆಳೆ ಹಾಗೇ ಕೂತಿದೆ, ಬಿಸಿಲೇರಿದರೆ ಮೊಳಕೆ ಬಿಡುತ್ತದೆ. ಹಬ್ಬಕ್ಕೆ ಮೇಕೆ ಕೊಳ್ಳಲು ಅಟ್ಲಾಂಟಾದಿಂದ ಬರುತ್ತಿದ್ದವರೂ ಈ ಸಲ ಬರಲಿಲ್ಲ. ಹದಿನೇಳು ಮೇಕೆ, ನಾನು, ಒಂದು ಗುಡ್ಡೆ ಗೆಣಸು. ಯಾರು ಯಾರನ್ನು ತಿನ್ನಬೇಕೆಂದು ಇನ್ನೂ ತೀರ್ಮಾನವಾಗಿಲ್ಲ.

ನೀನು ಹೊರಗೆ ಹೋಗಬೇಡ. ನಿನ್ನ ಆ ಚೆಂದದ ಟೋಪಿ ನೋಡುವವರು ಈಗ ಯಾರೂ ಇಲ್ಲ.

ಅಕ್ಕ ಓಜೆಲ್ಲಾ

*

ಶಿಕಾಗೋ
2 ಮೇ 2020

ಅಕ್ಕಾ,

ನಿನ್ನ ಕಾಗದ ಬಂತು. ಅದನ್ನು ಮೂರು ದಿನ ಕಿಟಕಿಯ ಮೇಲೆ ಬಿಸಿಲಿಗಿಟ್ಟು ಆಮೇಲೆ ಒಡೆದೆ. ಈಗ ಎಲ್ಲರೂ ಹಾಗೇ ಮಾಡುತ್ತಾರೆ, ನಗಬೇಡ.

ಇಲ್ಲಿ ನಾನು ಚೆನ್ನಾಗಿದ್ದೇನೆ. ಹೋಟೆಲಿನಲ್ಲಿ ಹೊದಿಕೆ ಮಡಿಸಿ ಮಡಿಸಿ ನೋಯುತ್ತಿದ್ದ ಬೆನ್ನು ಈಗ ಮನೆಯಲ್ಲಿ ಕೂತೇ ನೋಯುತ್ತದೆ, ಅಷ್ಟೇ ವ್ಯತ್ಯಾಸ. ಸಂಜೆ ಎದುರು ಕಟ್ಟಡದವರು ಬಾಲ್ಕನಿಯಲ್ಲಿ ನಿಂತು ಪಾತ್ರೆ ಬಡಿಯುತ್ತಾರೆ. ಕಿವಿ ಕೇಳಿಸದ ನನಗೂ ಅದು ಕೇಳಿಸುತ್ತದೆ.

ಒಂದು ಒಳ್ಳೆಯ ಸುದ್ದಿ. ರೋಗದಿಂದ ನಷ್ಟವಾದ ರೈತರಿಗೆಲ್ಲ ಸರ್ಕಾರ ಪರಿಹಾರ ಕೊಡುತ್ತದೆಯಂತೆ. ಕೌಂಟಿಯ ಕೃಷಿ ಕಚೇರಿಯಲ್ಲಿ ಅರ್ಜಿ ಹಾಕಬೇಕು. ನೀನು ಹೋಗಿ ಕೇಳಬಾರದೇ? ಭಾವ ರೂಫಸ್‌ಗೆ ಅಲ್ಲಿ ಆದದ್ದನ್ನು ನಾನು ಮರೆತಿಲ್ಲ. ಆದರೂ ಕಾಲ ಬದಲಾಗಿದೆ ಅಕ್ಕಾ.

ಸುಮ್ಮನೆ ಕೇಳುತ್ತೇನೆ, ನಮ್ಮ ಹೊಲದ ಪೂರ್ವದ ಮಗ್ಗುಲಿಗೆ ರಸ್ತೆ ಅಗಲವಾಗುತ್ತದೆಯೇ?

ಆರ್ಲೀಥಾ

*

ಪರ್ಡಿ ಕೌಂಟಿ
9 ಜೂನ್ 2020

ತಂಗೀ,

ರಸ್ತೆ ಅಗಲವಾಗುವುದೂ ಇಲ್ಲ, ಉದ್ದವಾಗುವುದೂ ಇಲ್ಲ. ಶಿಕಾಗೋದಲ್ಲಿ ಕೂತವಳಿಗೆ ನನ್ನ ಪೂರ್ವದ ಮಗ್ಗುಲಿನ ಚಿಂತೆ ಏಕೋ ನನಗೆ ಅರ್ಥವಾಗಲಿಲ್ಲ. ಹೊತ್ತು ಹೋಗದೆ ಏನೇನೋ ಯೋಚಿಸುತ್ತೀಯೆಂದು ಕಾಣುತ್ತದೆ.

ನಿನ್ನ ಮಾತು ಕೇಳಿ ಕೃಷಿ ಕಚೇರಿಗೆ ಹೋದೆ. 1984ರಲ್ಲಿ ರೂಫಸ್ ಬೀಜದ ಸಾಲ ಕೇಳಲು ಹೋಗಿ, ಟೋಪಿ ಕೈಯಲ್ಲಿ ಹಿಡಿದು ಮೂರು ಗಂಟೆ ನಿಂತು, ಕಪ್ಪು ಬಣ್ಣದವನೆಂಬ ಒಂದೇ ಕಾರಣಕ್ಕೆ ಬರಿಗೈಯಲ್ಲಿ ಬಂದ ಅದೇ ಮೆಟ್ಟಿಲು. ಅಂದಿನಿಂದ ನಾನು ಆ ಬೀದಿಯಲ್ಲಿ ಹೋದಾಗೆಲ್ಲ ಎದುರು ಬದಿಯಲ್ಲೇ ನಡೆಯುತ್ತಿದ್ದೆ. ಈಗ ಬಾಗಿಲಿಗೆ ಬೀಗ, ಗಾಜಿನ ಮೇಲೆ ಚೀಟಿ, ಪಕ್ಕದಲ್ಲಿ ಗಂಟೆ. ಒತ್ತಿದೆ. ಮಾಸ್ಕ್ ಹಾಕಿದ ಒಬ್ಬ ಬಿಳಿ ಹೆಂಗಸು ಬಂದು ಗಾಜಿನಾಚೆ ನಿಂತಳು. ಎದೆಯ ಮೇಲೆ ಹಾಲಿಸ್ ಎಂದು ಹೆಸರು.

"ಏನಾಗ್ಬೇಕಿತ್ತು ಮೇಡಂ?"

"ಸರ್ಕಾರ ಹೊಲದವ್ರಿಗೆ ದುಡ್ಡು ಹಂಚ್ತಿದ್ಯಂತೆ. ನಂಗೂ ಹೊಲ ಇದೆ. ಹಂಚಿ."

"ನಿಮ್ಮ ಹೊಲದ ನಂಬರ್ ಹೇಳಿ."

"ಹೊಲಕ್ಕೆ ನಂಬರ್ ಯಾಕೆ? ಅದೇನು ತಪ್ಪಿಸ್ಕೊಂಡು ಓಡ್ಹೋಗುತ್ತಾ?"

ಅವಳ ಕಣ್ಣು ನಕ್ಕಿತು, ಬಾಯಿ ಕಾಣಲಿಲ್ಲ. "ನಂಬರ್ ಇಲ್ದಿದ್ರೆ ನಿಮ್ಮ ಹೊಲ ನಮ್ಮ ಲೆಕ್ಕದಲ್ಲಿ ಇಲ್ಲ ಮೇಡಂ. ನಂಬರ್ ಕೊಡೋಕೆ ಖಾತೆ ನೋಡ್ಬೇಕು. ಖಾತೆ ಯಾರ ಹೆಸ್ರಲ್ಲಿದೆ?"

"ಲೊಂಜೊ ಮೇಬ್ರಿ. ನಮ್ಮಪ್ಪ."

"ಹಾಗಾದ್ರೆ ಅವ್ರನ್ನೇ ಕರ್ಕೊಂಡ್ಬನ್ನಿ."

"ಅವ್ರಿಗೆ ಈಗ ಓಡಾಟ ಕಮ್ಮಿ."

"ಪರ್ವಾಗಿಲ್ಲ, ಫೋನಲ್ಲಿ ಮಾತಾಡ್ತೀನಿ."

"ಮಾತೂ ಕಮ್ಮಿ ಮಾಡಿದಾರೆ."

ನಾನು ಸುಳ್ಳು ಹೇಳಲಿಲ್ಲ ನೋಡು. ಸತ್ತು ನಲವತ್ತೊಂದು ವರ್ಷವಾದ ಮನುಷ್ಯ ಇನ್ನೆಷ್ಟು ಓಡಾಡುತ್ತಾನೆ, ಇನ್ನೆಷ್ಟು ಮಾತಾಡುತ್ತಾನೆ?

ಅಪ್ಪ ಸಾಯುವ ಹಾಸಿಗೆಯಲ್ಲಿ ಹೇಳಿದ ಮಾತಿಗೆ ಊರಿಗೆ ಬಂದಿದ್ದ ನೀನೂ ಸಾಕ್ಷಿಯಾಗಿದ್ದೆ. "ನಾನು ಹೋದೆ ಅಂತ ಕಚೇರಿಯವ್ರಿಗೆ ಗೊತ್ತಾದ ದಿನ ಈ ಮೂವತ್ತೆಂಟು ಎಕರೆ ಹೋಯ್ತು ಅಂತ್ಲೇ ತಿಳ್ಕೊಳ್ಳಿ. ಅವ್ರ ಪುಸ್ತಕದಲ್ಲಿ ನಾನು ಬದ್ಕೇ ಇರ್ಲಿ." ಅದಕ್ಕೇ ಅಲ್ಲವೇ ಅಪ್ಪನ ಸಮಾಧಿ ಕಲ್ಲಿನ ಮೇಲೆ ಹುಟ್ಟಿದ ವರ್ಷ 1901 ಎಂದು ಕೆತ್ತಿಸಿ, ಸತ್ತ ವರ್ಷದ ಜಾಗ ಖಾಲಿ ಬಿಟ್ಟದ್ದು? ನಮ್ಮ ಮನೆಯೊಂದೇ ಅಲ್ಲ. ಚರ್ಚಿನ ಹಿಂದೆ ಹೋಗಿ ನೋಡಿದರೆ ಅರ್ಧ ಜನ ಇನ್ನೂ ಸತ್ತಿಲ್ಲ.

ಹಾಗೆ ಬದುಕಿಸಿಟ್ಟುಕೊಂಡ ಅಪ್ಪನೇ ಈಗ ಬಾಗಿಲಿಗೆ ಅಡ್ಡ ನಿಂತಿದ್ದಾನೆ. ಅದೂ ಅಲ್ಲದೆ ಈ ಸಲ ಗೆಣಸಿಗೆ ಏನೋ ಅಷ್ಟಿಷ್ಟು, ಮೇಕೆಗೆ ಏನೂ ಇಲ್ಲವಂತೆ. ನಮ್ಮ ವಾರಪತ್ರಿಕೆಯವನು ಕೌಂಟಿಯಲ್ಲಿ ಯಾರ್ಯಾರಿಗೆ ಎಷ್ಟೆಷ್ಟು ಬರುತ್ತದೆಂದು ಪಟ್ಟಿ ಹಾಕುತ್ತಾನಂತೆ. ಮೂರು ಸಾವಿರ ಎಕರೆ ಹತ್ತಿಯ ಹಾರ್ಲನ್ ಕಾಬ್ ಮೊದಲ ಸಾಲಿನಲ್ಲಿರುತ್ತಾನೆ ಅನ್ನಲು ನನಗೆ ಪತ್ರಿಕೆ ಬೇಡ. ನಾನು ಮನೆಗೆ ಬಂದು ಗೆಣಸು ಬೇಯಿಸಿ ಮೇಕೆಗೂ ಹಾಕಿದೆ, ನಾನೂ ತಿಂದೆ.

ಓಜೆಲ್ಲಾ

*

ಪರ್ಡಿ ಕೌಂಟಿ
28 ಸೆಪ್ಟೆಂಬರ್ 2020

ಆರ್ಲೀಥಾ,

ಬೇಸಿಗೆಯೆಲ್ಲ ನಿನ್ನಿಂದ ಎರಡು ಸಾಲು, ಅದೂ ಕ್ಯಾಲೆಂಡರಿನ ಹಾಳೆಯ ಹಿಂದೆ. ಕಾಗದ ಕೊಳ್ಳುವುದಕ್ಕೂ ಜಿಪುಣತನ ಬಂತೇ ಶಿಕಾಗೋದವರಿಗೆ? ಇರಲಿ. ಈಗ ಕನ್ನಡಕ ಹಾಕಿಕೊಂಡು ಸರಿಯಾಗಿ ಓದು.

ಎರಡನೆಯ ಸುತ್ತಿನ ಪರಿಹಾರ ಬಂದಿದೆ. ಈ ಸಲ ಮೇಕೆಯೂ ಇದೆ, ಗೆಣಸೂ ಇದೆ. ಆ ಹಾಲಿಸ್ ತಾನಾಗಿಯೇ ಫೋನ್ ಮಾಡಿದಳು. ಕಚೇರಿಯಿಂದ ನಮ್ಮ ಮನೆಗೆ ಫೋನ್ ಬಂದದ್ದು ಇದೇ ಮೊದಲು. ಏನು ಕಳೆದುಕೊಂಡೆನೋ ಎಂದು ನಾನು ಕೈ ಒರೆಸಿಕೊಳ್ಳುತ್ತಲೇ ಎತ್ತಿದೆ.

"ಮಿಸ್ ಓಜೆಲ್ಲಾ, ನಿಮ್ಮ ತಂದೆಯವ್ರು ಹೇಗಿದಾರೆ?"

ನೇರವಾಗಿ ಕೇಳಿದವಳಿಗೆ ಎಷ್ಟೆಂದು ಅಡ್ಡ ಮಾತಾಡಲಿ? "ಅವ್ರು ಹೋಗ್ಬಿಟ್ರು" ಎಂದೆ.

"ಅಯ್ಯೋ. ಯಾವಾಗ?"

"ಸ್ವಲ್ಪ ದಿನ ಆಯ್ತು."

ಎಷ್ಟು ದಿನವೆಂದು ಅವಳು ಕೇಳಲಿಲ್ಲ. ಆಮೇಲೆ ಹೇಳಿದ್ದಿಷ್ಟು. ಸತ್ತವರ ಹೆಸರಿನಲ್ಲೇ ಉಳಿದ ಹೊಲಕ್ಕೂ ಈಗ ನಂಬರ್ ಸಿಗುವ ಹೊಸ ನಿಯಮ ಬಂದಿದೆ. ಅದಕ್ಕೆ ಎರಡು ಬೇಕು. ಒಂದು, ಈ ಹೊಲವನ್ನು ಇಷ್ಟು ವರ್ಷ ನೋಡಿಕೊಂಡವಳು ನಾನೇ ಎನ್ನುವುದಕ್ಕೆ ಪುರಾವೆ, ಕಂದಾಯದ ರಸೀದಿಯಂಥದ್ದು. ಎರಡು, ಉಳಿದ ವಾರಸುದಾರರು "ಓಜೆಲ್ಲಾಳೇ ಸಾಗುವಳಿ ಮಾಡಲಿ, ನಮ್ಮ ಒಪ್ಪಿಗೆ ಇದೆ" ಎಂದು ಹಾಕಿದ ಸಹಿ. ಉಳಿದ ವಾರಸುದಾರರು ಎಂದರೆ ಈ ಭೂಮಿಯ ಮೇಲೆ ನೀನೊಬ್ಬಳೇ. ಕಾಗದ ಇದರ ಜೊತೆಗಿದೆ. ನೋಟರಿ ಮುಂದೆ ಸಹಿ ಹಾಕಿ ಕಳಿಸು. ಡಿಸೆಂಬರ್ ಹನ್ನೊಂದು ಕಡೆಯ ದಿನ.

ರಸೀದಿಗಳು ನನ್ನ ಬಳಿ ಇವೆ. ಆದರೆ ಅವನ್ನು ಅವಳಿಗೆ ತೋರಿಸಲು ನನಗೆ ಮನಸ್ಸಿಲ್ಲ. ಯಾಕೆಂದು ನೀನು ಕೇಳಬೇಡ.

ದುಡ್ಡಿಗಾಗಿ ಮಾತ್ರ ಈ ಪಾಡು ಪಡುತ್ತಿದ್ದೇನೆಂದು ತಿಳಿಯಬೇಡ. ನಂಬರ್ ಬಂದರೆ ಬೀಜದ ಸಾಲ, ಬೇಲಿ, ಬಾವಿ ಎಲ್ಲದಕ್ಕೂ ನನ್ನ ಮೊಮ್ಮಕ್ಕಳು ತಲೆಯೆತ್ತಿ ಆ ಮೆಟ್ಟಿಲು ಹತ್ತಬಹುದು. ಬರದಿದ್ದರೆ ನನ್ನ ಕಾಲಕ್ಕೇ ಇದು ಯಾರದೋ ಪಾಲು. ಬೇಗ ಕಳಿಸು.

ಅಕ್ಕ

*

ಪರ್ಡಿ ಕೌಂಟಿ
19 ಅಕ್ಟೋಬರ್ 2020

ಆರ್ಲೀಥಾ ಮೇಬ್ರಿ,

ಮೂರು ವಾರವಾಯಿತು. ಅಂಚೆಯ ವರ್ನೆಲ್ ನನ್ನನ್ನು ದೂರದಿಂದ ಕಂಡರೇ "ಇಲ್ಲ ಮಿಸ್ ಓಜೆಲ್ಲಾ" ಎಂದು ಕೈಯಾಡಿಸುತ್ತಾನೆ.

ಒಂದು ಸಹಿ. ನಾನೇನು ನಿನ್ನ ಮೂತ್ರಪಿಂಡ ಕೇಳಿದೆನೇ? ನೀನು ಹದಿನೆಂಟಕ್ಕೆ ರೈಲು ಹತ್ತಿದೆ, ನಾನು ಹೊಲದಲ್ಲೇ ಉಳಿದೆ. ಅದಕ್ಕೆ ಒಂದು ದಿನವೂ ಕೊಂಕು ಆಡಿಲ್ಲ. ಆಡಿದ್ದರೂ ತಮಾಷೆಗೆ. ಈಗ ಆಡುತ್ತಿದ್ದೇನೆ, ತಮಾಷೆಗಲ್ಲ. ಹೊದಿಕೆ ಮಡಿಸಿದ ಕೈಗೆ ಲೇಖನಿ ಭಾರವಾಯಿತೇ?

ಓ.

*

ಶಿಕಾಗೋ
30 ಅಕ್ಟೋಬರ್ 2020

ಅಕ್ಕಾ,

ಕೋಪ ಮಾಡಿಕೊಳ್ಳಬೇಡ. ನನಗೆ ಆ ರೋಗ ಬಂದಿತ್ತು. ಹನ್ನೊಂದು ದಿನ ಹಾಸಿಗೆಯಲ್ಲಿದ್ದೆ. ಮೇಲಿನ ಮನೆಯವರು ಬಾಗಿಲ ಮುಂದೆ ಸೂಪ್ ಇಟ್ಟು ಹೋಗುತ್ತಿದ್ದರು. ನಿನಗೆ ಹೇಳಿದ್ದರೆ ನೀನು ಮೇಕೆಗಳನ್ನು ಬಿಟ್ಟು ಬಸ್ ಹತ್ತುತ್ತಿದ್ದೆ. ಈಗ ಎದ್ದು ಓಡಾಡುತ್ತಿದ್ದೇನೆ, ಬಾಯಿಗೆ ರುಚಿ ಮಾತ್ರ ಬಂದಿಲ್ಲ.

ನಿನಗೆ ಎಪ್ಪತ್ತೇಳು. ಇನ್ನೆಷ್ಟು ವರ್ಷ ಹೊಲ ಮಾಡುತ್ತೀಯೆ? ಮೂವತ್ತೆಂಟು ಎಕರೆಯಲ್ಲಿ ಈಗ ನಿಜವಾಗಿ ಉಳುತ್ತಿರುವುದು ಎಷ್ಟು? ಬೇಸರಪಡದೆ ಹೇಳು.

ಆರ್ಲೀಥಾ

*

ಪರ್ಡಿ ಕೌಂಟಿ
13 ನವೆಂಬರ್ 2020

ತಂಗೀ,

ನಿನ್ನ ಕಾಗದ ಓದಿ ಒಲೆಯ ಮುಂದೆ ಕೂತುಬಿಟ್ಟೆ. ಹನ್ನೊಂದು ದಿನ! ನೀನು ಅಲ್ಲಿ ಉಸಿರು ಹುಡುಕುತ್ತಿದ್ದಾಗ ನಾನು ಇಲ್ಲಿ ನಿನ್ನ ಕೈಗೆ ಲೇಖನಿ ಭಾರವೇ ಎಂದು ಬರೆದೆ. ಆ ಕಾಗದವನ್ನು ಸುಟ್ಟುಬಿಡು. ರುಚಿ ಬರದಿದ್ದರೂ ತಿನ್ನು, ಹೊಟ್ಟೆಗೆ ನಾಲಿಗೆ ಇಲ್ಲ.

ಉಳುತ್ತಿರುವುದು ಒಂಬತ್ತು ಎಕರೆ. ಉಳಿದದ್ದು ಮೇಕೆ ಮತ್ತು ಪೈನ್ ಮರ. ಎಷ್ಟು ವರ್ಷ ಮಾಡುತ್ತೀಯೆಂದು ಕೇಳಿದ್ದೀಯೆ. ನನ್ನ ಮೇಲಿನ ಮರುಕದಿಂದ ಕೇಳಿದ್ದೀಯೆಂದು ಗೊತ್ತು, ಅದಕ್ಕೇ ಬೈಯುತ್ತಿಲ್ಲ.

ನೀನು ಕಾಯಿಲೆ ಮುಚ್ಚಿಟ್ಟೆ. ನಾನು ಮುಚ್ಚಿಟ್ಟದ್ದು ಅದಕ್ಕಿಂತ ಹಳೆಯದು. ಈಗ ಹೇಳಿಬಿಡುತ್ತೇನೆ, ನಾಳೆ ಶೆರಿಫನ ಬಾಯಿಂದ ಕೇಳುವುದು ಬೇಡ.

ಕಂದಾಯದ ಕಿಟಕಿಯಲ್ಲಿ ರಸೀದಿಯ ಕೆಳಗೆ ಒಡೆಯನ ಸಹಿ ಬೇಕು. ಅಪ್ಪನಿಗೆ ಬರೆಯಲು ಬರುತ್ತಿರಲಿಲ್ಲ, ಒಂದರ ಮೇಲೊಂದು ಎರಡು ಓರೆಗೆರೆ ಎಳೆದು ಕತ್ತರಿ ಗುರುತು ಹಾಕುತ್ತಿದ್ದ. ಮರದ ಮಿಲ್ಲಿನಲ್ಲಿ ಬೆರಳು ಹೋದ ಮೇಲೆ ಆ ಗುರುತಿನ ಒಂದು ಕಾಲು ಗಿಡ್ಡವಾಗುತ್ತಿತ್ತು, ನಿನಗೆ ನೆನಪಿದೆಯೇ? ಅಪ್ಪ ತೀರಿಕೊಂಡ ವರ್ಷ ನಾನು ರಸೀದಿಯನ್ನು ಮನೆಗೆ ತಂದು, ಅಡುಗೆ ಮೇಜಿನ ಮೇಲಿಟ್ಟು, ಗಿಡ್ಡ ಕಾಲಿನ ಕತ್ತರಿ ಹಾಕಿ ವಾಪಸು ಕೊಟ್ಟೆ. "ಅಪ್ಪಂಗೆ ಹುಷಾರಿಲ್ಲ, ಮನೇಲೇ ಹಾಕಿಸ್ಕೊಂಡು ಬಂದೆ" ಎಂದೆ. ಅವರು ಅಚ್ಚು ಒತ್ತಿ ನನ್ನ ಪ್ರತಿ ನನಗೆ ಕೊಟ್ಟರು. ಮರುವರ್ಷವೂ ಹಾಗೇ. ನಲವತ್ತೊಂದು ಡಿಸೆಂಬರ್ ಹಾಗೇ. ಕಿಟಕಿಯಲ್ಲಿ ಗುಮಾಸ್ತರು ಬದಲಾದರು, ಕೆಲವರು ಸತ್ತೂ ಹೋದರು, ಹುಷಾರಿಲ್ಲದ ಲೊಂಜೊ ಮೇಬ್ರಿ ಮಾತ್ರ ಗಟ್ಟಿಯಾಗಿ ಉಳಿದ. ಎಲ್ಲವನ್ನೂ ವಕೀಲರು ಸರಿ ಮಾಡಿದ್ದಾರೆಂದು ನಿನಗೆ ಬರೆದಿದ್ದೆ. ವಕೀಲನ ಮುಖವನ್ನೇ ನಾನು ಕಂಡಿಲ್ಲ.

ಆ ರಸೀದಿಗಳೇ ನನ್ನ ಪುರಾವೆ, ಆ ರಸೀದಿಗಳೇ ನನ್ನ ಕಳ್ಳತನ. ಕಡೆಯ ದಿನ ಹತ್ತಿರವಾಯಿತು, ಮೊನ್ನೆ ಮಂಗಳವಾರ ಅವನ್ನು ಕೊಬ್ಬಿನ ಹಳೇ ಡಬ್ಬದಲ್ಲಿ ಹಾಕಿಕೊಂಡು ಹೋದೆ. ಹಾಲಿಸ್ ಒಳಗೆ ಕರೆದು ಉದ್ದನೆಯ ಮೇಜಿನ ಆ ತುದಿಯಲ್ಲಿ ಕೂತಳು. ಒಂದೊಂದಾಗಿ ತಿರುವಿದಳು. ತಿರುವುತ್ತಾ ತಿರುವುತ್ತಾ ಕೈ ನಿಧಾನವಾಯಿತು.

"ಮಿಸ್ ಓಜೆಲ್ಲಾ, ನಿಮ್ಮ ತಂದೆ ಹುಟ್ಟಿದ್ದು ಯಾವಾಗ?"

"ಸಾವಿರದ ಒಂಬೈನೂರ ಒಂದು."

"ಹೋದ ಡಿಸೆಂಬರಿಂದು ಇದು. ಇಲ್ಲಿ ಅವ್ರ ಗುರುತು ಇದೆ."

"ಇರ್ಬೇಕು."

"ನೂರ ಹದಿನೆಂಟನೇ ವಯಸ್ಸಲ್ಲಿ?"

"ನಮ್ಮ ಮನೆತನದವ್ರು ಗಟ್ಟಿ."

ಅವಳು ನಗಲಿಲ್ಲ. ನನಗೆ ರೂಫಸ್ ನೆನಪಾದ. ಅವನು ನಿಂತ ಜಾಗದಲ್ಲೇ ನಾನು ಕೂತಿದ್ದೆ. ತಲೆ ಬಗ್ಗಿಸಿ ಬರಿಗೈಯಲ್ಲಿ ಹೋಗಲು ನನ್ನಿಂದ ಆಗಲಿಲ್ಲ ಆರ್ಲೀಥಾ. ಮಾಸ್ಕ್ ಕೆಳಗೆಳೆದು ಹೇಳಿದೆ:

"ಅದು ನಾನು. ನಲ್ವತ್ತೊಂದೂ ನಾನೇ ಹಾಕಿದ್ದು. ನಮ್ಮಪ್ಪ ಸತ್ತಿದ್ದು ಎಪ್ಪತ್ತೊಂಬತ್ತರ ಮಾರ್ಚಲ್ಲಿ. ಕಂದಾಯ ಕಟ್ಟಿದ್ದು ನಾನು, ಉತ್ತಿದ್ದು ನಾನು, ಸುಳ್ಳು ಹೇಳಿದ್ದೂ ನಾನು. ಈಗ ಶೆರಿಫನ್ನ ಕರೀರಿ. ಆದ್ರೆ ಬೇಗ ಕರೀರಿ, ಮೇಕೆಗಳಿಗೆ ಇನ್ನೂ ನೀರಿಟ್ಟಿಲ್ಲ."

ಹಾಲಿಸ್ ಎದ್ದಳು. ಹೋಯಿತು ಎಂದುಕೊಂಡೆ. ಅವಳು ಫೋನಿನ ಕಡೆಗೆ ಹೋಗಲಿಲ್ಲ. ರಸೀದಿಗಳನ್ನೆಲ್ಲ ಮೇಜಿನುದ್ದಕ್ಕೂ ಸಾಲಾಗಿ ಹರಡಿದಳು. ಮೇಜು ಸಾಲದೆ ಕುರ್ಚಿಗಳ ಮೇಲೂ ಇಟ್ಟಳು. ಒಂದೇ ಕತ್ತರಿ, ಒಂದೇ ಗಿಡ್ಡ ಕಾಲು, ಈ ಗೋಡೆಯಿಂದ ಆ ಗೋಡೆಯವರೆಗೆ.

"ಮಿಸ್ ಓಜೆಲ್ಲಾ, ನಾನು ಶೆರಿಫೂ ಅಲ್ಲ, ಕಂದಾಯದವಳೂ ಅಲ್ಲ. ಈ ದುಡ್ಡು ಕಟ್ಟಿದ್ದೇನು ಸುಳ್ಳಲ್ವಲ್ಲ?"

"ಒಂದು ಕಾಸೂ ಸುಳ್ಳಲ್ಲ."

"ನಂಗೆ ಬೇಕಿದ್ದಿದ್ದು ಒಂದೇ. ಅವ್ರು ಹೋದ್ಮೇಲೆ ಈ ನೆಲಾನ ಯಾರು ಹಿಡ್ಕೊಂಡಿದ್ರು ಅಂತ. ಜನ ಮೂರು ರಸೀದಿ ಹುಡುಕ್ಕೊಂಡು ಬರೋಕೇ ಒದ್ದಾಡ್ತಾರೆ. ನೀವು ನಲ್ವತ್ತೊಂದು ತಂದಿದೀರಿ, ಎಲ್ಲಾ ಒಂದೇ ಕೈಯ್ದು. ಈಗ ಹೇಳಿದ್ನೇ ಈ ಹಾಳೆ ಮೇಲೆ ಬರೀರಿ. ಬರ್ದು ಕೆಳಗೆ ನಿಮ್ಮ ಹೆಸ್ರು ಹಾಕಿ. ನಿಮ್ದು."

ಬರೆದೆ. ಮೂರನೆಯ ತರಗತಿಯ ಅಕ್ಷರ, ಆದರೂ ಅವಳು ಓದಿದಳು. ಹೊರಡುವಾಗ ಹೇಳಿದಳು, "ಇನ್ನು ನಿಮ್ಮ ತಂಗಿ ಸಹಿ ಒಂದೇ ಬಾಕಿ. ಹನ್ನೊಂದನೇ ತಾರೀಖು ದಾಟಿದ್ರೆ ನನ್ ಕೈಲಿ ಏನೂ ಇಲ್ಲ."

ಈಗ ನನ್ನ ಕಳ್ಳತನ ನಿನ್ನ ಮುಂದೆ ಇದೆ. ಇಷ್ಟು ದಿನ ಹೇಳದ್ದಕ್ಕೆ ಬೈಯಬೇಕಿದ್ದರೆ ಬೈದುಬಿಡು. ಬೈದ ಮೇಲೆ ಸಹಿ ಹಾಕು.

ಅಕ್ಕ

*

ಶಿಕಾಗೋ
27 ನವೆಂಬರ್ 2020

ಅಕ್ಕಾ,

ಸಹಿ ಇದರ ಜೊತೆಗಿದೆ. ನೋಟರಿಯ ಮುದ್ರೆಯೂ ಇದೆ. ಮೊದಲು ಅದನ್ನು ತೆಗೆದು ಭದ್ರವಾಗಿಡು, ಆಮೇಲೆ ಉಳಿದದ್ದನ್ನು ಓದು. ಓದಿದ ಮೇಲೆ ನಿನಗೆ ಕಾಗದ ಹರಿಯುವ ಮನಸ್ಸಾದೀತು.

ನಾನು ಮುಚ್ಚಿಟ್ಟದ್ದು ಕಾಯಿಲೆಯೊಂದನ್ನೇ ಅಲ್ಲ. ಏಪ್ರಿಲ್‌ನಿಂದ ಒಬ್ಬ ಮನುಷ್ಯ ನನಗೆ ಬರೆಯುತ್ತಿದ್ದ. ಮರದ ವ್ಯಾಪಾರದವರ ಪರವಾಗಿ ನಮ್ಮ ಹೊಲದಲ್ಲಿ ನನ್ನ ಅರ್ಧವನ್ನು ಹನ್ನೊಂದು ಸಾವಿರ ಡಾಲರಿಗೆ ಕೊಳ್ಳುತ್ತೇನೆಂದ. ಪೂರ್ವದ ಮಗ್ಗುಲಿನ ರಸ್ತೆ ಅಗಲವಾಗುತ್ತದೆಂದು ಬರೆದದ್ದೂ ಅವನೇ. ನನ್ನ ಅರ್ಧ ಅವನ ಕೈಸೇರಿದರೆ ಕೋರ್ಟಿಗೆ ಹೋಗಿ ಇಡೀ ಹೊಲವನ್ನೇ ಹರಾಜು ಹಾಕಿಸಬಹುದಂತೆ. ಅದನ್ನು ಅವನು ಹೇಳಲಿಲ್ಲ, ನಾನೇ ವಿಚಾರಿಸಿ ತಿಳಿದೆ. ತಿಳಿದ ಮೇಲೂ ಅವನ ಕಾಗದವನ್ನು ಎಸೆಯಲಿಲ್ಲ. ಎರಡು ತಿಂಗಳು ನನ್ನ ಮೇಜಿನ ಮೇಲೆ ನಿನ್ನ ಕಾಗದ ಒಂದು ಕಡೆ, ಅವನದು ಇನ್ನೊಂದು ಕಡೆ.

ಯಾಕೆಂದು ಹೇಳುತ್ತೇನೆ. ಜ್ವರದಲ್ಲಿ ಮಲಗಿದ್ದಾಗ ನನಗೆ ಒಂದೇ ಭಯ. ಸತ್ತರೆ ಇಲ್ಲೇ ಎಲ್ಲೋ ಹೂಳುತ್ತಾರೆ, ಅಮ್ಮನ ಪಕ್ಕದಲ್ಲಿ ಅಲ್ಲ. ಊರಿಗೆ ಸಾಗಿಸಲು ಎಷ್ಟಾಗುತ್ತದೆಂದು ವಿಚಾರಿಸಿದೆ, ನನ್ನ ಬಳಿ ಅಷ್ಟಿರಲಿಲ್ಲ. ಕಾಗದ ಕೊಳ್ಳುವುದಕ್ಕೇ ಕೈ ಹಿಡಿದು ಕ್ಯಾಲೆಂಡರಿನ ಹಿಂದೆ ಬರೆದವಳು ನಾನು. ಹೊಲ ಮಾರಿ, ಆ ದುಡ್ಡಿನಲ್ಲಿ ಆ ಹೊಲದ ಮಗ್ಗುಲಿಗೇ ಹೆಣವಾಗಿ ಬರೋಣವೆಂದುಕೊಂಡೆ. ಜ್ವರದಲ್ಲಿ ಬುದ್ಧಿ ಹೀಗೂ ಓಡುತ್ತದೆ ನೋಡು.

ನಿನ್ನ ನಲವತ್ತೊಂದು ಕತ್ತರಿಯ ಕಾಗದ ಬಂದದ್ದು ಹೋದ ಗುರುವಾರ. ಬಿಸಿಲಿಗಿಡಲಿಲ್ಲ, ಹಾಗೇ ಒಡೆದೆ. ಮೂರು ಸಲ ಓದಿದೆ. ಮೂರು ಸಲವೂ ನಕ್ಕೆ, ಮೂರು ಸಲವೂ ಅತ್ತೆ. ಶುಕ್ರವಾರ ಆ ಮನುಷ್ಯ ನಯವಾದ ಕೋಟು ಹಾಕಿಕೊಂಡು, ಹೊಸ ಪೆನ್ನು ಹಿಡಿದು, ಬಾಗಿಲಿಗೇ ಬಂದ. ಕಿವಿಯ ಯಂತ್ರ ಸಿಕ್ಕಿಸಿಕೊಂಡು ಬಾಗಿಲು ತೆರೆದೆ.

"ಎಲ್ಲಾ ಸಲೀಸು ಮೇಡಂ. ದಿವಂಗತ ಲೊಂಜೊ ಮೇಬ್ರಿಯವರ ಮಗಳು ಅಂತ ಇಲ್ಲೊಂದು ಸಹಿ."

"ಯಾರು ದಿವಂಗತ?" ಎಂದೆ.

"ನಿಮ್ಮ ತಂದೆ ಮೇಡಂ."

"ನಮ್ಮಪ್ಪ ಹೋದ ಡಿಸೆಂಬರಲ್ಲಿ ಕಂದಾಯ ಕಟ್ಟಿ ಸಹಿ ಹಾಕಿದಾರೆ. ಪರ್ಡಿ ಕೌಂಟಿಗೆ ಹೋಗಿ ಪುಸ್ತಕ ನೋಡ್ಕೊಳ್ರಿ. ಅವ್ರು ಬದ್ಕಿರೋವಾಗ ಅವ್ರ ಹೊಲ ಮಾರೋಕೆ ನಾನ್ಯಾರು?"

ಅವನ ಬಾಯಿ ಮಾಸ್ಕಿನ ಒಳಗೇ ತೆರೆದುಕೊಂಡಿತೆಂದು ಕಾಣುತ್ತದೆ, ಬಟ್ಟೆ ಒಳಗೆ ಹೋಯಿತು. ಬಾಗಿಲು ಹಾಕಿದೆ. ಅವನ ಕಾಗದದ ಹಿಂಬದಿ ಖಾಲಿಯಿತ್ತು. ನಾನೀಗ ನಿನಗೆ ಬರೆಯುತ್ತಿರುವುದು ಅದರ ಮೇಲೇ.

ಕ್ಷಮಿಸುತ್ತೀಯೋ ಇಲ್ಲವೋ, ಕಾಗದ ತಲುಪಿತೆಂದಾದರೂ ಬರೆ.

ನಿನ್ನ ತಂಗಿ

*

ಪರ್ಡಿ ಕೌಂಟಿ
10 ಡಿಸೆಂಬರ್ 2020

ಆರ್ಲೀಥಾ, ಕತ್ತೆ,

ತಲುಪಿತು, ಮೊನ್ನೆ, ಎಂಟನೆಯ ತಾರೀಖು. ವರ್ನೆಲ್ ಗಾಡಿ ನಿಲ್ಲಿಸುವ ಮೊದಲೇ ಲಕೋಟೆಯನ್ನು ಕಿಟಕಿಯಿಂದ ಹೊರಗೆ ಹಿಡಿದು ಬಂದ. ಅಂಗಳದ ಮೇಕೆಗಳಿಗೂ ಸುದ್ದಿ ತಿಳಿಯಿತು.

ಕ್ಷಮೆಯ ಮಾತು ಬಿಡು. ನಲವತ್ತೊಂದು ವರ್ಷ ಸರ್ಕಾರಕ್ಕೆ ಸುಳ್ಳು ಹೇಳಿದವಳು ನಾನು, ಎರಡು ತಿಂಗಳು ಮೇಜು ನೋಡುತ್ತಾ ಕೂತ ನಿನ್ನನ್ನು ಯಾವ ಬಾಯಿಂದ ಬೈಯಲಿ? ಒಂದಕ್ಕೆ ಮಾತ್ರ ಬೈಯುತ್ತೇನೆ. ಹೆಣವಾಗಿ ಬರುವುದಕ್ಕೆ ಅಷ್ಟು ದುಡ್ಡು ಹುಡುಕಿದೆಯಲ್ಲ, ಬದುಕಿದ್ದಾಗ ಬಸ್ಸಿನಲ್ಲಿ ಬರುವುದು ಅಗ್ಗ ಎಂದು ನಿನಗೆ ಹೊಳೆಯಲಿಲ್ಲವೇ?

ನಿನ್ನೆ ಹೋಗಿ ಕೊಟ್ಟೆ. ಹಾಲಿಸ್ ನಿನ್ನ ಸಹಿ ನೋಡಿ, ನನ್ನ ಮುಂದೆ ಅರ್ಜಿ ಇಟ್ಟಳು. "ಇಲ್ಲಿ, ಸಾಗುವಳಿದಾರರು ಅಂತಿದ್ಯಲ್ಲ, ಅಲ್ಲಿ." ಪೆನ್ನು ಹಿಡಿದೆ. ಕೈ ತಾನಾಗಿ ಗಿಡ್ಡ ಕಾಲಿನ ಕಡೆಗೆ ಹೊರಟಿತು! ಹಿಡಿದು ನಿಲ್ಲಿಸಿದೆ. ಆಮೇಲೆ ಓಜೆಲ್ಲಾ ಮೇಬ್ರಿ ಟಾರ್ವರ್ ಎಂದು ಉದ್ದಕ್ಕೂ ಬರೆದೆ, ಗೆರೆ ದಾಟಿ ಅಂಚಿನವರೆಗೆ ಹೋಯಿತು. ಇನ್ನೂ ಜಾಗ ಇದ್ದಿದ್ದರೆ ರೂಫಸನ ಹೆಸರನ್ನೂ ಬರೆಯುತ್ತಿದ್ದೆ.

ಅವಳು ಯಂತ್ರದಲ್ಲಿ ಒತ್ತಿ ಒಂದು ಚೀಟಿ ತೆಗೆದು ಕೊಟ್ಟಳು. ಹೊಲದ ನಂಬರ್ 2217. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಲಿಲ್ಲ. ಹಾಗೇ ಕಂದಾಯದ ಕಿಟಕಿಗೆ ಹೋಗಿ ಈ ವರ್ಷದ್ದನ್ನು ನನ್ನ ಹೆಸರಿನಲ್ಲೇ ಸಹಿ ಹಾಕಿ ಕಟ್ಟಿದೆ.

"ನಿಮ್ಮ ತಂದೆಯವ್ರು?" ಎಂದ ಗುಮಾಸ್ತ.

"ಇವತ್ತಿಂದ ನಿವೃತ್ತಿ" ಎಂದೆ.

ಅಕ್ಕ

*

ಪರ್ಡಿ ಕೌಂಟಿ
22 ಮಾರ್ಚ್ 2021

ತಂಗಿ ಆರ್ಲೀಥಾ,

ಜೊತೆಗಿಟ್ಟಿರುವ ಪತ್ರಿಕೆಯ ತುಂಡನ್ನು ಮೊದಲು ನೋಡು. ಪರ್ಡಿ ಕೌಂಟಿಯಲ್ಲಿ ಪರಿಹಾರ ಪಡೆದವರ ಪಟ್ಟಿ. ಮೊದಲ ಸಾಲಿನಲ್ಲಿ ಹಾರ್ಲನ್ ಕಾಬ್, ಅವನ ಅಂಕಿ ಓದಲು ಉಸಿರು ಎರಡು ಸಲ ಎಳೆಯಬೇಕು. ಕಣ್ಣನ್ನು ಕೆಳಗೆ, ಇನ್ನೂ ಕೆಳಗೆ ತಾ. ಕಟ್ಟಕಡೆಯ ಸಾಲು ನಿನ್ನ ಅಕ್ಕ. ಒಂದು ಸಾವಿರದ ಇನ್ನೂರ ಎಂಬತ್ತಾರು ಡಾಲರ್. ಇಡೀ ಪಟ್ಟಿ ನನ್ನ ತಲೆಯ ಮೇಲೆ ನಿಂತಿದೆ, ಆದರೆ ನಾನು ನಿಂತಿರುವುದು ಪಟ್ಟಿಯ ಒಳಗೆ. ನಾಲ್ಕು ಪ್ರತಿ ಕೊಂಡೆ. ಒಂದನ್ನು ರೂಫಸನ ಫೋಟೊದ ಚೌಕಟ್ಟಿಗೆ ಸಿಕ್ಕಿಸಿದ್ದೇನೆ.

ಭಾನುವಾರ ರೆವರೆಂಡ್ ಪೆಟ್ವೇ ಟ್ರಕ್ಕಿನ ಮೇಲಿಂದ ಅದನ್ನು ಗಟ್ಟಿಯಾಗಿ ಓದಿದರು. ಅಂಗಳದ ಕಾರುಗಳೆಲ್ಲ ಹಾರ್ನ್ ಒತ್ತಿದವು. ಕೋರಾ ಈ ಸಲ ಬೇಕೆಂದೇ ಬಿಡಲಿಲ್ಲ. ಆಮೇಲೆ ಏನಾಯಿತು ಗೊತ್ತೇ? ಒಬ್ಬೊಬ್ಬರೇ ನನ್ನ ಕಾರಿನ ಕಿಟಕಿಗೆ ಬಂದರು. "ಮಿಸ್ ಓಜೆಲ್ಲಾ, ನಮ್ಮ ತಾತನೂ ಇನ್ನೂ ಸತ್ತಿಲ್ಲ." "ಮಿಸ್ ಓಜೆಲ್ಲಾ, ನಮ್ಮತ್ರಾನೂ ರಸೀದಿ ಡಬ್ಬ ಇದೆ." ಮುಂದಿನ ಮಂಗಳವಾರ ಏಳು ಮನೆಯವರನ್ನು ಕರೆದುಕೊಂಡು ಹಾಲಿಸ್ ಹತ್ತಿರ ಹೋಗುತ್ತೇನೆ. ಫೋನ್ ಮಾಡಿ ಹೇಳಿದೆ. "ಮೇಜು ಸಾಲಲ್ವಲ್ಲ ಮಿಸ್ ಓಜೆಲ್ಲಾ" ಎಂದಳು. "ನೆಲ ಇದ್ಯಲ್ಲ ಮಗೂ" ಎಂದೆ.

ದುಡ್ಡಿನಲ್ಲಿ ಬೇಲಿಯ ಪಡುವಣ ಬದಿ ಸರಿ ಮಾಡಿಸಿದೆ. ಶಾಲೆ ಮತ್ತೆ ತೆರೆದಿದೆ, ಗೆಣಸಿಗೆ ಹೇಳಿ ಕಳಿಸಿದ್ದಾರೆ. ನಿನ್ನ ಬಸ್ಸಿನ ಟಿಕೆಟ್ ಇದರ ಒಳಗಿದೆ, ಜೂನ್ ಐದರದ್ದು. ಲಸಿಕೆಯ ಎರಡನೆಯ ಚುಚ್ಚು ಹಾಕಿಸಿಕೊಂಡೇ ಹತ್ತು. ವಾಪಸು ಹೋಗುವ ಟಿಕೆಟ್ ಕೊಂಡಿಲ್ಲ. ಅದರ ಮಾತು ಬಂದ ಮೇಲೆ.

ಉಳಿದದ್ದನ್ನು ಕಲ್ಲು ಕೆತ್ತುವವನಿಗೆ ಕೊಟ್ಟೆ. ನಿನ್ನೆ ಅವನನ್ನು ಅಪ್ಪನ ಹತ್ತಿರ ಕರೆದುಕೊಂಡು ಹೋದೆ. 1901ರ ಮುಂದೆ ನಲವತ್ತೆರಡು ವರ್ಷದಿಂದ ಖಾಲಿ ಇದ್ದ ಜಾಗದಲ್ಲಿ ಅವನು 1979 ಎಂದು ಕೆತ್ತಿದ. ಕೆತ್ತಿ ಮುಗಿದ ಮೇಲೆ ಕಲ್ಲಿನ ಪುಡಿ ಊದಿ, "ಅಪ್ಪಾ, ಹೊಲ ಎಲ್ಲೂ ಹೋಗಲ್ಲ. ಇನ್ನು ನೀನು ಹೋಗ್ಬಹುದು" ಎಂದೆ.

ಕೆತ್ತುವವನು ಉಳಿ ಒರೆಸುತ್ತಾ, "ಇನ್ನೇನಾದ್ರೂ ಬರೀಬೇಕಾ? ಒಂದು ಬೈಬಲ್ ವಚನ, ಒಂದು ಹೂವು?" ಎಂದು ಕೇಳಿದ. ವಚನ ಬೇಡ ಎಂದೆ. ಅವನ ಸೀಮೆಸುಣ್ಣ ಈಸಿಕೊಂಡು ಮೊಣಕಾಲೂರಿ, ವರ್ಷದ ಕೆಳಗೆ ಕಲ್ಲಿನ ಮೇಲೆ ಒಂದು ಕತ್ತರಿ ಗುರುತು ಹಾಕಿದೆ. ಒಂದು ಕಾಲು ಗಿಡ್ಡ. ಅವನು ಅದನ್ನು ಸರಿ ಮಾಡಲು ಹೋದ, ಕೈಗೆ ಒಂದು ಪೆಟ್ಟು ಕೊಟ್ಟೆ. ಹಾಗೇ ಕೆತ್ತಿದ್ದಾನೆ.

ಅದು ನಲವತ್ತೆರಡನೆಯದು. ಇನ್ನು ಹಾಕುವುದಿಲ್ಲ.

ನಿನ್ನ ಅಕ್ಕ
ಓಜೆಲ್ಲಾ ಮೇಬ್ರಿ ಟಾರ್ವರ್
ಹೊಲದ ನಂಬರ್ 2217